ತವರಿನ ಲೇತನ್ನು ನಾನೇ ಪತ್ತೆ ಮಾಡಿದ್ದು

ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿದುಕುತ್ತಾ ಕೂತಿದ್ದೆ. ಕಾಳು ಬೋಗುಣಿಗೆ, ಸಿಪ್ಪೆ ಮೊರಕ್ಕೆ, ಮನಸ್ಸು ಮಾದಪ್ಪನ ಪಾದಕ್ಕೆ. ಅವರೆಕಾಳು ಹಿದುಕುವಾಗ ಬರುವಷ್ಟು ಭಕ್ತಿ ನನಗೆ ಗುಡಿಯಲ್ಲೂ ಬರುವುದಿಲ್ಲ. ಗುಡಿಯಲ್ಲಿ ಯಾರು ಯಾವ ಸೀರೆ ಉಟ್ಟು ಬಂದಿದ್ದಾರೆ ಎಂದು ಕಣ್ಣು ಓಡುತ್ತದೆ. ಅಡುಗೆಮನೆಯಲ್ಲಿ ಆ ಕಾಟವಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಮೈದುನ ಪುಟ್ಟಸ್ವಾಮಿ ಬಂದು ಹೊಸಿಲ ಹತ್ತಿರ ನಿಂತು ಕೆಮ್ಮಿದ. ಅವನ ಬೆನ್ನ ಹಿಂದೆ ಅವನ ಹೆಂಡತಿ ಮಾದೇವಿ. ಗಂಡ ಹೆಂಡಿರು ಜೋಡಿಯಾಗಿ ಬಂದರೆ ಏನನ್ನೋ ಕೇಳಲು ಬಂದಿದ್ದಾರೆ ಎಂದೇ ಲೆಕ್ಕ.

“ಅತ್ಗೆ, ನಾವು ಅನೂರ್ಗೆ ಒಂಟೋಯ್ತಾ ಇದೀವಿ. ಅಲ್ಲೇ ಒಂದು ಅಂಗ್ಡಿ ಮಡಗ್ತೀನಿ. ತೊಟ್ಲು ಕಾಲು, ಮಂಚದ ಕಾಲು ಕಡೆಯೋರು ಆ ಕಡೆ ಯಾರೂ ಇಲ್ವಂತೆ.”

“ಓಗಪ್ಪ, ಒಳ್ಳೇದಾಗ್ಲಿ. ಮಾದಪ್ಪನ ಬೆಟ್ಟಕ್ಕೂ ಅತ್ರ ಆಯ್ತೀರಿ,” ಎಂದೆ.

“ಅದ್ಕೇ… ಅಪ್ಪನ ಲೇತು ನಂಗೆ ಬುಟ್ಕೊಡಿ ಅಂತ ಕೇಳಾಕೆ ಬಂದೋ.”

ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೊಳ್ಳೇಗಾಲದ ಮನೆ ದೊಡ್ಡವರಾದ ನಮಗೆ ಉಳಿಯುತ್ತದೆ. ಹನೂರಿಗೆ ಹೋಗುವವನು ಅಪ್ಪನ ಲೇತನ್ನಾದರೂ ತೆಗೆದುಕೊಂಡು ಹೋಗಲಿ. “ತಕಂಡೋಗು” ಎಂದುಬಿಟ್ಟೆ. ಹಾಗೆಂದವಳು ಕೂಡಲೇ ಎದ್ದು ಒಗ್ಗರಣೆಗೆ ಹೋಗಿದ್ದರೆ ನಾನು ಇದನ್ನೆಲ್ಲ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ!

ನಮ್ಮದು ಮರಗೆಲಸದ ಮನೆತನ. ಹಿತ್ತಲ ಕೊಟ್ಟಿಗೆಯಲ್ಲಿ ಮರ ಕಡೆಯುವ ಲೇತು ಒಂದಲ್ಲ, ಎರಡಿದ್ದವು. ಕೆಳಗಿನ ಹಲಗೆಯನ್ನು ಕಾಲಲ್ಲಿ ತುಳಿದರೆ ದೊಡ್ಡ ಚಕ್ರ ತಿರುಗುತ್ತದೆ, ಮೇಲೆ ಸಿಕ್ಕಿಸಿದ ಮರದ ತುಂಡು ಗಿರ್ರನೆ ಸುತ್ತುತ್ತದೆ, ಉಳಿ ಆನಿಸಿದರೆ ದುಂಡಗಾಗುತ್ತದೆ. ಇಷ್ಟೇ ಅದರ ವಿದ್ಯೆ. ಒಂದು ನನ್ನ ಮಾವನವರು ಕೊಂಡದ್ದು. ಇನ್ನೊಂದು ನನ್ನ ಮದುವೆಯಲ್ಲಿ ನಮ್ಮಪ್ಪ ಯಳಂದೂರಿನಿಂದ ಗಾಡಿಯ ಮೇಲೆ ಹೇರಿಸಿ ಕಳಿಸಿದ್ದು. ಬೇರೆ ಹೆಣ್ಣುಮಕ್ಕಳ ಜೊತೆ ಒಡವೆ ಬರುತ್ತದೆ, ನನ್ನ ಜೊತೆ ಬಂದದ್ದು ಎರಕದ ಕಬ್ಬಿಣ! ಒಡವೆ ಮಾಡಿಸುವ ಶಕ್ತಿ ನಮ್ಮಪ್ಪನಿಗಿರಲಿಲ್ಲ. ಬಡಗಿಯ ಮನೆಗೆ ಏನು ಕೊಟ್ಟರೆ ಮಗಳು ಉಪವಾಸ ಬೀಳುವುದಿಲ್ಲ ಎನ್ನುವುದು ಮಾತ್ರ ಬಡಗಿಯಾದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಳಂದೂರು ಮೈಸೂರು ಮಹಾರಾಜರ ಸೀಮೆ, ಕೊಳ್ಳೇಗಾಲ ಮದ್ರಾಸಿಗೆ ಸೇರಿದ ಸೀಮೆ. ಸೊಸೆ ಮತ್ತು ಲೇತು ಒಂದೇ ದಿನ ಗಡಿ ದಾಟಿ ಬಂದೆವು. ಸೊಸೆಯನ್ನು ಒಲೆಯ ಮುಂದೆ ಕೂರಿಸಿದರು, ಲೇತನ್ನು ಮಾವನವರ ಲೇತಿನ ಪಕ್ಕ ನಿಲ್ಲಿಸಿದರು. ನಮ್ಮಪ್ಪ ತೀರಿಕೊಂಡ ಮೇಲೆ ತವರು ಎಂದು ನನಗೆ ಉಳಿದದ್ದು ಆ ಕಬ್ಬಿಣವೊಂದೇ.

ಅಷ್ಟು ಪ್ರೀತಿಯ ಲೇತು ಎರಡರಲ್ಲಿ ಯಾವುದು? ಅದು ನನಗೆ ಗೊತ್ತಿರಲಿಲ್ಲ!

ನಗಬೇಡಿ. ಮಾವನವರು ಇರುವವರೆಗೆ ಹೆಂಗಸರು ಆ ಕೊಟ್ಟಿಗೆಯೊಳಗೆ ಕಾಲಿಡುವ ಹಾಗಿರಲಿಲ್ಲ. ಅವರು ಹೋದರು, ಯುದ್ಧ ಬಂತು, ನೂಲಿಗೆ ಕಂಟ್ರೋಲು ಬಂತು, ಊರಿನ ಮಗ್ಗಗಳು ನಿಂತವು. ನೂಲು ಸುತ್ತುವ ಬಾಬಿನ್ ಕಡೆಸುವವರೇ ಇಲ್ಲವೆಂದ ಮೇಲೆ ನಮ್ಮ ಯಜಮಾನರು ಮರ ಕೊಯ್ಯುವ ಮಿಲ್ಲಿಗೆ ಕೂಲಿಗೆ ಹೋದರು. ಪುಟ್ಟಸ್ವಾಮಿ ಆಗ ಚಾಮರಾಜನಗರದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದ. ಲೇತುಗಳು ಗೋಣಿ ಹೊದ್ದು ನಿಂತವು. ಆಗ ಕೊಟ್ಟಿಗೆಗೆ ಕಾಲಿಟ್ಟವಳು ನಾನು. ನಿಂತ ಕಬ್ಬಿಣವಾದರೂ ಲಕ್ಷ್ಮಿಯೇ ಅಲ್ಲವೇ? ಆಯುಧಪೂಜೆ ಬಂದಾಗಲೆಲ್ಲ ಎರಡನ್ನೂ ತೊಳೆದು, ಆ ವರ್ಷ ಯಾವ ಕೆಲಸದಲ್ಲಿ ಯಾವ ಬಣ್ಣ ಮಿಕ್ಕಿದೆಯೋ ಅದನ್ನು ಬಳಿದು, ವಿಭೂತಿ ಕುಂಕುಮ ಇಟ್ಟು ಹೂವು ಮುಡಿಸುತ್ತಿದ್ದೆ. ಹೀಗೆ ಬಳಿದೂ ಬಳಿದೂ ಅವೆರಡೂ ಅವಳಿಜವಳಿಗಳಂತೆ ಆಗಿಬಿಟ್ಟಿದ್ದವು. ಒಂದು ಗೋಡೆ ಪಕ್ಕದ್ದು, ಒಂದು ಬಾಗಿಲ ಪಕ್ಕದ್ದು. ಬೇರೆ ಗುರುತಿಲ್ಲ.

“ಗೋಡೆ ಪಕ್ಕದ್ದೇ ಮಾವಯ್ಯನ್ದು ಕಣಕ್ಕ,” ಎಂದಳು ಮಾದೇವಿ.

ನನ್ನ ಕೈಯ ಅವರೆಕಾಳು ಚಿಮ್ಮಿ ಹೋಗಿ ಪುಟ್ಟಸ್ವಾಮಿಯ ಮೂಗಿಗೆ ಬಡಿಯಿತು.

“ನಿಂಗ್ಯಾರ್ ಯೋಳುದ್ರು?”

“ಅತ್ತೆ ಯೋಳಿದ್ರು. ಕಣ್ಮುಚ್ಚೋಕೆ ಮುಂಚೆ, ಕಾಲು ಒತ್ತುವಾಗ.”

ಇಷ್ಟು ವರ್ಷ ಆ ಅತ್ತೆಗೆ ಅನ್ನ ಬೇಯಿಸಿ ಹಾಕಿದವಳು ನಾನು. ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದವಳು ನಾನು. ನನಗೆ ಹೇಳದ ಗುಟ್ಟನ್ನು ನಿನ್ನೆ ಮೊನ್ನೆ ಬಂದ ಇವಳಿಗೆ ಹೇಳಿದರೇ? ಸಾಧ್ಯವೇ ಇಲ್ಲ! ಮಾದೇವಿ ಗೋಡೆ ಪಕ್ಕದ್ದನ್ನು ಕೇಳುತ್ತಿದ್ದಾಳೆ ಎಂದರೆ ಗೋಡೆ ಪಕ್ಕದ್ದೇ ನಮ್ಮಪ್ಪನದು ಎಂದು ನನಗೆ ಖಾತ್ರಿಯಾಗಿ ಹೋಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

“ನಂಗೆ ಯಾವ್ದಾದ್ರೂ ಸರಿ ಅತ್ಗೆ,” ಎಂದು ಪುಟ್ಟಸ್ವಾಮಿ ಮೂಗು ಒರೆಸಿಕೊಂಡ.

“ಔದು, ಯಾವ್ದಾದ್ರೇನು,” ಎಂದಳು ಮಾದೇವಿ. “ಎರಡೂ ಅಳೇ ಕಬ್ಬಿಣವೇ.”

ಆ ಮಾತಿಗೆ ನಾನು ಎದ್ದು ನಿಂತೆ. “ನಮ್ಮಪ್ಪ ಕೊಟ್ಟಿದ್ದು ಅಳೇ ಕಬ್ಬಿಣ ಅಲ್ಲ. ಒಚ್ಚ ಒಸಾದು. ಅದು ಈ ಮನೆ ಬುಟ್ಟು ಕದಲಾಕಿಲ್ಲ. ಸೋಮವಾರ ಮಾದಪ್ಪನ ವಾರ. ದೊಡ್ಡಮಾವನ್ನ ಕರ್ಕಂಡು ಬನ್ನಿ. ಯಾವ್ದು ಯಾರ್ದು ಅಂತ ಸಾಕ್ಷಿ ಸಮೇತ ತೋರುಸ್ತೀನಿ.”

ದೊಡ್ಡಮಾವ ಎಂದರೆ ಮಾವನವರ ಅಣ್ಣ. ನಮ್ಮ ಕುಲದಲ್ಲಿ ಅವರು ಹೇಳಿದ್ದೇ ಕೊನೆ.

ಗಂಡನನ್ನೇ ಕೇಳಬಹುದಿತ್ತಲ್ಲ ಎಂದು ನೀವು ಕೇಳುವಿರಿ. ಕೇಳಬಹುದಿತ್ತು. ಎರಡು ಲೇತಿನ ಮೇಲೂ ಕೆಲಸ ಮಾಡಿದವರು ಅವರೇ. ಆದರೆ ತಮ್ಮ ಎಂದರೆ ಅವರು ಉಟ್ಟ ಪಂಚೆಯನ್ನಾದರೂ ಬಿಚ್ಚಿ ಕೊಡುವ ಮನುಷ್ಯ. ತಮ್ಮ ಬೆರಳು ತೋರಿಸಿದ್ದೇ ಅಪ್ಪನ ಲೇತು ಎಂದುಬಿಡುತ್ತಾರೆ. ಅದಕ್ಕೇ ಸಂಜೆ ಅವರು ಮಿಲ್ಲಿನಿಂದ ಬಂದು ಕೈಕಾಲು ತೊಳೆದ ಕೂಡಲೇ ದೇವರ ಮುಂದೆ ನಿಲ್ಲಿಸಿದೆ.

“ಅಲ್ಲ ಕಣೇ, ಆ ಗೋಡೆ ಪಕ್ಕದ್ದು…” ಎಂದು ಶುರುಮಾಡಿದರು.

“ಸಾಕು! ಒಂದಕ್ಸರ ಆಡ್ಬೇಡಿ. ದೀಪ ಮುಟ್ಟಿ. ಲೇತಿಂದು ಇತ್ಯರ್ಥ ಆಗಗಂಟ ಆ ಇಚಾರವಾಗಿ ಬಾಯಿ ಬುಡಾಕಿಲ್ಲ ಅಂತ ಮಾದಪ್ಪನ ಮೇಲೆ ಆಣೆ ಮಾಡಿ.”

“ಲೇ, ಒಂದ್ ಮಾತು ಕೇಳು…”

“ಮುಟ್ತೀರೋ ಇಲ್ವೋ?”

ಅವರು ನನ್ನ ಮುಖವನ್ನೊಮ್ಮೆ ನೋಡಿದರು, ಮಾದಪ್ಪನ ಪಟವನ್ನೊಮ್ಮೆ ನೋಡಿದರು, ದೀಪ ಮುಟ್ಟಿದರು. ಗಂಡ ಹೇಳಿದ ಮಾತನ್ನು ಇಷ್ಟು ಕೇಳುತ್ತಾನಲ್ಲ, ಇದೂ ಮಾದಪ್ಪನ ದಯೆಯೇ ಎಂದು ಕೈಮುಗಿದೆ.

ಮಾರನೆಯ ದಿನದಿಂದ ನನ್ನ ತನಿಖೆ ಆರಂಭವಾಯಿತು.

ಎರಡೂ ಲೇತಿನ ಹಣೆಯ ಮೇಲೆ ಒಂದೊಂದು ಹಿತ್ತಾಳೆ ತಗಡು ಇತ್ತು. ಮಾಡಿದ ಕಂಪನಿ, ಊರು, ವರ್ಷ ಎಲ್ಲವನ್ನೂ ಅದರಲ್ಲಿ ಕೆತ್ತಿರುತ್ತಾರಂತೆ. ಅದನ್ನು ಓದಿಸಿಬಿಟ್ಟರೆ ಎಲ್ಲ ಮುಗಿಯಿತು! ಪಕ್ಕದ ಮನೆಯ ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತಿತ್ತು. ಅವರು ಪಂಚೆ ಎತ್ತಿ ಕಟ್ಟಿ, ಕನ್ನಡಕ ಏರಿಸಿ, ಲೇತಿನ ಮುಂದೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

“ಏನು ಬರದದೆ ಮೇಷ್ಟ್ರೇ?”

“ನನ್ನ ಮುಖ ಕಾಣಿಸ್ತಾ ಇದೆಯಮ್ಮ,” ಎಂದರು.

ಹೌದು. ಆಯುಧಪೂಜೆಗೆ ಮೊದಲು ದೇವರ ಸಾಮಾನು ಬೆಳಗುವಾಗ ಹಿತ್ತಾಳೆ ತಾನೇ ಎಂದು ಆ ತಗಡುಗಳಿಗೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದೆ. ಅರೆಬರೆ ಕೆಲಸ ನನಗೆ ಹಿಡಿಸುವುದಿಲ್ಲ. ಎರಡು ತಗಡೂ ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿದ್ದವು. ಅಕ್ಷರ ಮಾತ್ರ ಇರಲಿಲ್ಲ! ಸೀಮೆಯಾಚೆಯ ಕಂಪನಿಯವನು ಉಳಿಯಲ್ಲಿ ಕೊರೆದದ್ದನ್ನು ನಾನು ಭಕ್ತಿಯಲ್ಲಿ ಅಳಿಸಿದ್ದೆ.

“ಯೋಚನೆ ಬೇಡ,” ಎಂದರು ಮೇಷ್ಟ್ರು. ಅವರಿಗೆ ಉತ್ಸಾಹ ಬಂದುಬಿಟ್ಟಿತ್ತು. “ಎರಕದಲ್ಲೇ ಅಂಕಿ ಮೂಡಿಸಿರ್ತಾರೆ. ಅದು ಉಜ್ಜಿದರೂ ಹೋಗೋದಿಲ್ಲ.” ಗೋಡೆ ಪಕ್ಕದ್ದರ ಹೊಟ್ಟೆಯ ಕೆಳಗೆ ತಡಕಿ ತಡಕಿ ಕೊನೆಗೂ ಒಂದು ಇಪ್ಪತ್ತೇಳನ್ನು ಹಿಡಿದರು. “ಇಗೋ! ರಾಣಿ ಪಟ್ಟಕ್ಕೆ ಬಂದ ಇಪ್ಪತ್ತೇಳನೇ ವರ್ಷದಲ್ಲಿ ತಯಾರಾದದ್ದು.”

“ಯಾವ ರಾಣಿ?”

“ಆಗ ಇದ್ದ ರಾಣಿ.”

ನನಗೆ ಪುಳಕವಾಯಿತು. ಬಾಗಿಲ ಪಕ್ಕದ್ದರ ಹೊಟ್ಟೆ ತಡವಿದೆ. ಅಲ್ಲೂ ಇಪ್ಪತ್ತೇಳು! ಚಕ್ರದ ಮೇಲೆ ನೋಡಿದರೆ ಹದಿನಾಲ್ಕು. ಕಾಲಿನ ಮೇಲೆ ಆರು. ಮೇಷ್ಟ್ರ ಲೆಕ್ಕದ ಪ್ರಕಾರ ಮೊದಲು ಕಾಲು ಹುಟ್ಟಿ, ರಾಣಿ ಮುದುಕಿಯಾಗುತ್ತಾ ಬಂದ ಹಾಗೆ ಚಕ್ರ ಹುಟ್ಟಿ, ಕಟ್ಟಕಡೆಗೆ ಹೊಟ್ಟೆ ಹುಟ್ಟಿತ್ತು. ಅಲ್ಲಿಯವರೆಗೆ ಆ ಕಾಲುಗಳು ಏನು ಮಾಡುತ್ತಿದ್ದವು ಎಂದು ಕೇಳಿದೆ. ಮೇಷ್ಟ್ರಿಗೆ ಶಾಲೆಯ ಗಂಟೆ ಕೇಳಿಸಿತು. ಭಾನುವಾರವಾಗಿತ್ತು. ಆದರೂ ಹೋದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಯಜಮಾನರು ಬಾಯಿ ತೆರೆದರು. ನಾನು ದೇವರ ಕೋಣೆಯ ಕಡೆ ಬೆರಳು ತೋರಿಸಿದೆ. ಮುಚ್ಚಿಕೊಂಡರು.

ಉಳಿದದ್ದು ಆ ಒಂದು ದಿನವೇ. ಆಗ ಮಾದಪ್ಪನೇ ನನಗೆ ಬುದ್ಧಿ ಕೊಟ್ಟ. ಹಾಗೆಂದು ಆವತ್ತು ತಿಳಿದಿದ್ದೆ. ಈಗ ಅವನ ಮೇಲೆ ಹೊರೆ ಹಾಕುವುದಿಲ್ಲ.

ಬಣ್ಣ! ಬಳಿದವಳು ನಾನೇ ಅಲ್ಲವೇ? ಮಾವನವರ ಲೇತು ಮೊದಲಿನದು, ನನ್ನದು ಆಮೇಲೆ ಬಂದದ್ದು. ಮಾವನವರೂ ಪೂಜೆಗೆ ಬಣ್ಣ ಬಳಿದೇ ಇರುತ್ತಾರೆ. ಹಾಗಾದರೆ ಅವರದಕ್ಕೆ ಪದರ ಹೆಚ್ಚು, ಹೊಚ್ಚ ಹೊಸದಾಗಿ ಬಂದ ನನ್ನದಕ್ಕೆ ಪದರ ಕಡಿಮೆ. ಕೆರೆದು ನೋಡಿದರೆ ಲೇತೇ ತನ್ನ ವಯಸ್ಸು ಹೇಳುತ್ತದೆ! ದೋಸೆ ಮೊಗಚುವ ಕೈಯನ್ನು ಹಿಡಿದುಕೊಂಡು ಕೊಟ್ಟಿಗೆಗೆ ನುಗ್ಗಿದೆ.

ಎರಡರದ್ದೂ ಮುಂಗಾಲನ್ನೇ ಆರಿಸಿಕೊಂಡೆ. ಮೇಲೆ ಜವಳಿ ಅಂಗಡಿ ಬಾಗಿಲಿನ ಹಸಿರು. ಅದರ ಕೆಳಗೆ ಮಗ್ಗದ ಮನೆಯ ಕಿಟಕಿಯ ನೀಲಿ. ಅದರ ಕೆಳಗೆ ಯಾರದೋ ಜಟಕಾದ ಹಳದಿ. ಆ ಸಲ ಕೈಯೆಲ್ಲ ಹಳದಿಯಾಗಿ ಕುಂಕುಮ ಇಡಲು ಬಂದವರು ಅರಿಸಿನ ಹಚ್ಚುವ ಶಾಸ್ತ್ರ ಯಾರಿಗೆ ಎಂದು ಕೇಳಿದ್ದರು. ಅದರ ಕೆಳಗೆ ಯುದ್ಧಕಾಲದ್ದು. ಬಣ್ಣವೇ ಸಿಗದೆ ಕೆಮ್ಮಣ್ಣಿಗೆ ಹರಳೆಣ್ಣೆ ಕಲಸಿ ಬಳಿದಿದ್ದೆ. ಕೆರೆಯುತ್ತಾ ಹೋದ ಹಾಗೆ ನನ್ನ ಸಂಸಾರವೆಲ್ಲ ಸಿಪ್ಪೆ ಸಿಪ್ಪೆಯಾಗಿ ಕಾಲ ಬಳಿ ಬಿತ್ತು. ಇಲ್ಲಿಯವರೆಗೆ ಎರಡೂ ಒಂದೇ.

ಆಮೇಲೆ ಬೇರೆಯಾದವು. ಬಾಗಿಲ ಪಕ್ಕದ್ದರಲ್ಲಿ ಕೆಮ್ಮಣ್ಣಿನ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಬೂದಿ, ಅದರಡಿ ಮತ್ತೊಂದು ಹಸಿರು, ಮತ್ತೆ ಕಪ್ಪು. ಮುಗಿಯುವುದೇ ಇಲ್ಲ! ಗೋಡೆ ಪಕ್ಕದ್ದರಲ್ಲೋ, ಕೆಮ್ಮಣ್ಣು ಹೋದ ಕೂಡಲೇ ಬರಿಯ ಕಬ್ಬಿಣ.

ನಾನು ಮೊಗಚುವ ಕೈಯನ್ನು ಎತ್ತಿ ಹಿಡಿದು ಅಲ್ಲೇ ಕೂತು ಅತ್ತೆ. ನಮ್ಮಪ್ಪನನ್ನೇ ಕಂಡ ಹಾಗಾಯಿತು. ಅಷ್ಟೇ ಅಲ್ಲ, ಆ ಕಾಲಿನ ಒಳಮೈಗೆ ದಪ್ಪನೆಯ ಕಬ್ಬಿಣದ ಪಟ್ಟಿ ಬಿಗಿದಿತ್ತು. ಮಗಳ ಲೇತು ಗಟ್ಟಿಯಾಗಿರಲಿ ಎಂದು ಪಟ್ಟಿ ಬೇರೆ ಹಾಕಿಸಿದ್ದಾರೆ! ಮಾವನವರದಕ್ಕೆ ಎಲ್ಲಿದೆ ಪಟ್ಟಿ? ಪ್ರೀತಿ ಇದ್ದ ಕಡೆ ತಾನೇ ಪಟ್ಟಿ ಇರುವುದು!

ಸೋಮವಾರ ಬೆಳಿಗ್ಗೆ ದೋಸೆಗಳು ಅಂಚಿನಲ್ಲಿ ಹಸಿರಾಗಿ ಬಂದವು. ನಮ್ಮ ಯಜಮಾನರು ಕೇಳಲಿಲ್ಲ, ತಿಂದರು. ಅದು ಲೇತಿನ ವಿಚಾರದೊಳಗೆ ಬರುತ್ತದೋ ಇಲ್ಲವೋ ಎಂದು ಅವರಿಗೆ ಅನುಮಾನವಿತ್ತೆಂದು ಕಾಣುತ್ತದೆ.

ದೊಡ್ಡಮಾವ ಬಂದು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತರು. ಪುಟ್ಟಸ್ವಾಮಿ ಗಾಡಿ ಹೂಡಿಸಿಕೊಂಡೇ ಬಂದಿದ್ದ. ಮೇಷ್ಟ್ರು ಕರೆಯದೆಯೇ ಬಂದರು. ಬೀದಿಯ ಹೆಂಗಸರು ಬೇಲಿಯ ಆಚೆ ನಿಂತರು. ನಾನು ಸೆರಗು ಹೊದ್ದು, ಮಾದಪ್ಪನ ವಿಭೂತಿ ಇಟ್ಟುಕೊಂಡು, ಮೊಗಚುವ ಕೈಯನ್ನು ಕೋಲಿನಂತೆ ಹಿಡಿದು ನನ್ನ ವಾದ ಮಂಡಿಸಿದೆ. ಹಸಿರು ತೋರಿಸಿದೆ, ನೀಲಿ ತೋರಿಸಿದೆ, ಕೆಮ್ಮಣ್ಣು ತೋರಿಸಿದೆ. ಅಂಥ ಮಾತುಗಾರಿಕೆ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

“ದೊಡ್ಡಮಾವ, ಪದರ ಎಚ್ಚಾಗಿರೋದು ಬಾಗ್ಲು ಪಕ್ಕದ್ದು. ಅದೇ ಅಳೇದು, ಅದೇ ಮಾವಯ್ಯನ್ದು. ಗೋಡೆ ಪಕ್ಕದ್ದು ನಮ್ಮಪ್ಪಂದು. ಈ ಪಟ್ಟಿ ನೋಡಿ, ನಮ್ಮಪ್ಪ ಎಷ್ಟು ಮುತುವರ್ಜಿಯಿಂದ ಆಕ್ಸವ್ರೆ!”

ನಮ್ಮ ಯಜಮಾನರಿಗೆ ಜೋರಾಗಿ ಕೆಮ್ಮು ಬಂತು.

“ಏನ್ಲಾ?” ಎಂದರು ದೊಡ್ಡಮಾವ. “ನೀನೇನಾರ ಯೋಳೋದದಾ?”

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. “ಯೋಳಂಗಿಲ್ಲ ದೊಡ್ಡಯ್ಯ. ದೀಪ ಮುಟ್ಟಿವ್ನಿ,” ಎಂದರು.

“ಅಕ್ಕ, ಅತ್ತೆ ಯೋಳಿದ್ದು ಗೋಡೆ ಪಕ್ಕದ್ದೇಯ,” ಎಂದು ಮಾದೇವಿ ಸಣ್ಣ ದನಿಯಲ್ಲಿ ಹೇಳಿದಳು. “ಆದ್ರೂ ಇರ್ಲಿ ಬುಡಿ, ಅಕ್ಕಂಗೆ ಅದೇ ಬೇಕು ಅಂದ್ರೆ ಅದೇ ಮಡೀಕಳ್ಳಿ.”

“ಬೇಕು ಅಂತಲ್ಲ ಮಾದೇವಿ. ನಂದು ಅಂತ!”

ದೊಡ್ಡಮಾವ ಎದ್ದರು. ಬಣ್ಣದ ಸಿಪ್ಪೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಬಣ್ಣ ಸುಳ್ಳಾಡಾಕಿಲ್ಲ. ಎಣ್ಮಗ ಯೋಳ್ದಂಗೇ ಆಗ್ಲಿ,” ಎಂದರು. ಮೇಷ್ಟ್ರು ತಲೆದೂಗಿ, “ನಾನೂ ಅದನ್ನೇ ಹೇಳ್ತಿದ್ದೆ,” ಎಂದರು.

ಬೇಲಿಯಾಚೆ ಹೆಂಗಸರು ‘ಅಬ್ಬಾ’ ಎಂದರು. ಗೆದ್ದವರಿಗೆ ದೊಡ್ಡ ಮನಸ್ಸು ತಾನಾಗಿ ಬರುತ್ತದೆ. ಬಾಗಿಲ ಪಕ್ಕದ ಲೇತಿಗೆ ನಾನೇ ಕುಂಕುಮವಿಟ್ಟೆ. ಗಾಡಿಗೆ ಏರಿಸುವಾಗ ನಾನೂ ಒಂದು ಕೈ ಕೊಟ್ಟು ತಳ್ಳಿದೆ. ಹಗ್ಗ ಸಡಿಲವಾಗಿದೆ ಎಂದು ಬಿಗಿಸಿದವಳೂ ನಾನೇ. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಜನ ಚದುರಿದರು.

ನಮ್ಮ ಯಜಮಾನರು ಹತ್ತಿರ ಬಂದು, ಬಹಳ ವಿನಯದಿಂದ ಕೇಳಿದರು.

“ಇತ್ಯರ್ಥ ಆಯ್ತಾ?”

“ಆಯ್ತು.”

“ಈಗ ಮಾತಾಡ್ಬೋದಾ?”

“ಆಡಿ, ಯಾರ್ ಬ್ಯಾಡ ಅಂದ್ರು?”

“ಗಾಡೀಲಿ ಓಯ್ತಲ್ಲ, ಅದೇ ನಿಮ್ಮಪ್ಪಂದು.”

ನಾನು ಮೊಗಚುವ ಕೈಯನ್ನು ಕೆಳಗಿಟ್ಟೆ.

ಅವರು ನಿಧಾನವಾಗಿ ಹೇಳಿದರು. ನನ್ನ ಮದುವೆಯ ಲೇತು ಬಂದಾಗ ಅದಕ್ಕೆ ಜಾಗ ಮಾಡಲು ಮಾವನವರದನ್ನು ಗೋಡೆಯ ಕಡೆ ಸರಿಸಿದರಂತೆ. ಸರಿಸುವಾಗ ಕೈತಪ್ಪಿ ಉರುಳಿ ಮುಂಗಾಲು ಸೀಳಿತಂತೆ. ಕಾಲು ಬಿಚ್ಚಿ ಕಮ್ಮಾರನ ಕುಲುಮೆಗೆ ಕೊಟ್ಟು, ಬೆಂಕಿಯಲ್ಲಿಟ್ಟು, ಸೀಳಿಗೆ ಪಟ್ಟಿ ಬಿಗಿಸಿದರಂತೆ. ಹಳೆಯ ಬಣ್ಣವೆಲ್ಲ ಬೆಂಕಿಯಲ್ಲೇ ಸುಟ್ಟುಹೋಯಿತು, ಆಮೇಲೆ ಮಾವನವರು ಯಾವುದಕ್ಕೂ ಬಣ್ಣ ಬಳಿಯಲೇ ಇಲ್ಲವಂತೆ. ಹೊಸ ಸೊಸೆ ನಾನು ಆಗ ಒಲೆಯ ಮುಂದಿದ್ದೆ. ಹಿತ್ತಲ ಸುದ್ದಿ ನನಗೆ ಯಾರು ಹೇಳುತ್ತಾರೆ?

“ಅಂಗಾರೆ ನಮ್ಮಪ್ಪಂದ್ರಲ್ಲಿ ಅಷ್ಟೊಂದು ಬಣ್ಣ?”

“ಅದೆಲ್ಲಿ ಒಸಾದು? ನಿಮ್ಮೂರ ಬೆಟ್ಟದ ಮೇಲಿನ ಕಾಫಿ ತೋಟದ ದೊರೆ ತೋಟ ಬುಟ್ಟೋಗುವಾಗ ನಿಮ್ಮಪ್ಪ ತಕಂಡಿದ್ದು. ನಮ್ಮಪ್ಪಂದ್ಕಿಂತ ಅದೇ ಅಳೇದು. ಅಳೇದಾದ್ರೂ ಅಂತಾ ಲೇತು ಈ ಸೀಮೇಲೇ ಇಲ್ಲ. ಬೆಣ್ಣೆ ಮೇಲೆ ಕೈಬೆಟ್ಟು ಜಾರ್ದಂಗೆ ಓಡ್ತಿತ್ತು.”

“ಮೊದ್ಲೇ ಯಾಕ್ ಯೋಳ್ನಿಲ್ಲ!”

“ದೀಪ ಮುಟ್ಸಿದ್ದು ಯಾರು?”

ನಾನು ಸುಮ್ಮನಿದ್ದೇ ಇದ್ದಿದ್ದರೆ ಮಾದೇವಿ ಮುರುಕು ಕಾಲಿನದ್ದನ್ನು ತಾನೇ ಕೇಳಿ ತೆಗೆದುಕೊಂಡು ಹೋಗುತ್ತಿದ್ದಳು. ನಮ್ಮಪ್ಪನದನ್ನು ಉಳಿಸಿಕೊಳ್ಳಲು ಹೋಗಿ, ಊರನ್ನೆಲ್ಲ ಸೇರಿಸಿ, ಸಾಕ್ಷಿ ಸಮೇತ, ಕುಂಕುಮವಿಟ್ಟು ಕಳಿಸಿಕೊಟ್ಟಿದ್ದೆ!

“ಗಾಡಿ ಇನ್ನೂ ಊರು ದಾಟಿಲ್ಲ,” ಎಂದರು ಅವರು. “ಓಡೋಗಿ ತಡೀಲಾ?”

ಯೋಚಿಸಿದೆ. ದೊಡ್ಡಮಾವನ ಮುಖ ಕಣ್ಣ ಮುಂದೆ ಬಂತು. ಬೇಲಿಯಾಚೆಯ ಹೆಂಗಸರ ಮುಖ ಬಂತು. ಎಲ್ಲಕ್ಕಿಂತ ಮೊದಲು ಮಾದೇವಿಯ ಮುಖ ಬಂತು.

“ಬ್ಯಾಡ,” ಎಂದೆ. “ಇದೇ ನಮ್ಮಪ್ಪನ ಲೇತು. ನಾನು ಯೋಳಾಯ್ತಲ್ಲ, ಇದೇ!”

ಒಂದು ಕಾಲು ತಾನೇ ಸೀಳಿರುವುದು? ಉಳಿದ ಕಾಲುಗಳು ಗಟ್ಟಿಯಾಗಿವೆ. ಚಕ್ರ ತಿರುಗುತ್ತದೆ. ದೇವರು ಪೂರ್ತಿ ಕೈಬಿಡುವುದಿಲ್ಲ. ಮರುದಿನವೇ ಅವರನ್ನು ಹತ್ತಿಸಿ ತುಳಿಯಿರಿ ಎಂದೆ. ತುಳಿದರು. ಲೇತು ಮೊದಲು ನಡುಗಿತು, ಆಮೇಲೆ ಕುಣಿಯಿತು, ಆಮೇಲೆ ಹೊರಟಿತು! ಸಂತೆಗೆ ಎಳೆದ ಮೇಕೆಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಗೋಡೆಯಿಂದ ಬಾಗಿಲವರೆಗೆ ಬಂತು. ಅವರು ಒಂಟಿ ಕಾಲಲ್ಲಿ ಕುಂಟುತ್ತಾ ಅದರ ಹಿಂದೆಯೇ ಬಂದರು.

“ನಾನು ಇಡ್ಕತೀನಿ, ನೀವು ತುಳೀರಿ,” ಎಂದು ಅದರ ಒಂದು ತುದಿಯಲ್ಲಿ ಹತ್ತಿ ಕೂತೆ. ನನ್ನ ತೂಕ ಒಂದು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಹಲ್ಲು ಕಟಕಟ ಎನ್ನುತ್ತಿದ್ದರೂ ‘ಉಘೇ ಮಾದಪ್ಪ’ ಎನ್ನುತ್ತಾ ಗಟ್ಟಿಯಾಗಿ ಕೂತೆ. ಹೀಗೆ ದಂಪತಿಗಳು ಸೇರಿ ಕಡೆದದ್ದು ಒಂದು ಲಟ್ಟಣಿಗೆ. ಕೈಗೆತ್ತಿಕೊಂಡು ನೋಡಿದೆ. ನಡುವೆ ಹೊಟ್ಟೆ, ಒಂದು ಕಡೆ ಬೆನ್ನು, ತುದಿಯಲ್ಲಿ ಕತ್ತು ಓರೆ.

“ಸೌತೆಕಾಯಿ ತರ ಅದೆ,” ಎಂದರು ಅವರು.

“ಕೈಗೆ ಇಡೀತದೆ,” ಎಂದೆ ನಾನು.

ಅದರಲ್ಲೇ ಲಟ್ಟಿಸಿದೆ. ಬೇರೆಯವರ ಮನೆಯಿಂದ ಎರವಲು ತರಲಿಲ್ಲ. ನನ್ನ ಹಪ್ಪಳ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಕರಿದರೆ ಅರ್ಧ ಸೀದು ಅರ್ಧ ಹಸಿ. ಯಾರಾದರೂ ಕೇಳಿದರೆ ಯಳಂದೂರು ಕಡೆ ಹೀಗೇ ಮಾಡುವುದು ಎನ್ನುತ್ತಿದ್ದೆ. ಯಳಂದೂರಿನವರು ಕ್ಷಮಿಸಬೇಕು.

ಬೇಸಿಗೆ ಬಂತು. ಒಂದು ದಿನ ಅಂಗಳದಲ್ಲಿ ಹಪ್ಪಳದ ಹಿಟ್ಟು ನಾದಿಟ್ಟುಕೊಂಡು ಕೂರುವ ಹೊತ್ತಿಗೆ ಮಾದೇವಿ ಹನೂರಿನಿಂದ ಬಂದಳು. ಬಂದವಳೇ ನನ್ನ ಕಾಲಿಗೆ ಬಿದ್ದಳು.

“ಅಯ್ಯೋ, ಏಳು ಮಾದೇವಿ, ಏನಾಯ್ತವ್ವ?”

“ಅಕ್ಕ, ನಿಮ್ಮಂತೋರು ಯಾರವ್ರೆ? ಮೊನ್ನೆ ಲೇತು ಒರಸ್ವಾಗ ಕಾಲಲ್ಲಿ ತುಳಿಯೋ ಅಲಗೆ ಮಗುಚಿ ನೋಡುದ್ರೆ, ಅಡೀಲಿ ನಿಮ್ಮಪ್ಪಾರ ಎಸ್ರು ಕೆತ್ತದೆ! ಅದರ ಪಕ್ಕ ನಿಮ್ಮೆಸ್ರು! ನಿಮ್ಮೈದ್ನ ಓದಿ ಯೋಳುದ್ರು. ಬೇಕು ಬೇಕು ಅಂತ್ಲೇ ಬಣ್ಣದ ಕತೆ ಕಟ್ಟಿ, ಒಳ್ಳೇದ ನಮ್ಗೆ ಕೊಟ್ಟು, ಮುರುಕ್ಲು ನೀವು ಮಡೀಕಂಡ್ರಲ್ಲ!”

ಹೆಸರು! ಹಣೆ ತಿಕ್ಕಿದ್ದೆ, ಹೊಟ್ಟೆ ತಡವಿದ್ದೆ, ಕಾಲು ಕೆರೆದಿದ್ದೆ. ತುಳಿಯುವ ಹಲಗೆಯೊಂದನ್ನು ಮಗುಚಿ ನೋಡಿರಲಿಲ್ಲ. ಅಲ್ಲಿ ನಮ್ಮಪ್ಪ ನನ್ನ ಹೆಸರನ್ನು ಉಳಿಯಲ್ಲಿ ಬರೆದಿಟ್ಟಿದ್ದರು.

“ವಾಪಸ್ ತಂದ್ಬುಡ್ತೀವಿ ಅಕ್ಕ,” ಎಂದಳು ಮಾದೇವಿ. “ತವ್ರು ಮನೇದು. ನಾವು ಇಟ್ಕಂಡ್ರೆ ಒಳ್ಳೇದಾಗಾಕಿಲ್ಲ. ನಿಮ್ಮೈದ್ನ ಗಾಡಿಗೆ ಯೋಳವ್ರೆ, ಊಂ ಅಂತ ಒಂದ್ಮಾತು ಅನ್ನಿ.”

ನಮ್ಮ ಯಜಮಾನರು ಒಳಗಿನಿಂದ ಬಂದು ನಿಂತರು. ಅವರ ಮುಖದಲ್ಲಿ ‘ಅನ್ನು, ಅನ್ನು’ ಎಂದು ಬರೆದಿತ್ತು. ಒಂದೇ ಮಾತು. ಬಾ ಎಂದರೆ ಬರುತ್ತದೆ. ಆದರೆ ಮಾದೇವಿ ಮೊದಲಿಗಿಂತ ಮೈಕೈ ತುಂಬಿಕೊಂಡಿದ್ದಳು. ಹನೂರಿನಲ್ಲಿ ಪುಟ್ಟಸ್ವಾಮಿಯ ತೊಟ್ಟಿಲು ಬೇಕೆಂದು ಮಾರ್ಟಳ್ಳಿಯಿಂದಲೂ ಬರುತ್ತಾರೆಂದು ಆಗತಾನೇ ಹೇಳಿದ್ದಳು.

“ಅಲ್ಲೇ ಇರ್ಲಿ,” ಎಂದೆ. “ನಮ್ಮಪ್ಪ ಕೊಟ್ಟಿದ್ದು ದುಡೀಲಿ ಅಂತ, ನಿಂತ್ಕಳ್ಳಿ ಅಂತಲ್ಲ. ವಾಪಸ್ ತಂದ್ರೆ ನಿನ್ ಕುಟ್ಟೆ ಮಾತೇ ಆಡಾಕಿಲ್ಲ.”

ಮಾದೇವಿಯ ಕಣ್ಣಲ್ಲಿ ನೀರು. ಬೇಲಿಯಾಚೆಯವರಿಗೂ ಸುದ್ದಿ ಹೋಗಿ, ನಾನು ತ್ಯಾಗಮಯಿ ಎಂದು ಬೀದಿಯಲ್ಲೆಲ್ಲ ಹೆಸರಾಯಿತು. ನಾನು ಇಲ್ಲವೆನ್ನಲಿಲ್ಲ. ಆ ಮಾತಿನಲ್ಲಿ ಎಷ್ಟು ಪಾಲು ಔದಾರ್ಯ, ಎಷ್ಟು ಪಾಲು ಹಠ ಎಂದು ಮಾದಪ್ಪನಿಗೆ ಗೊತ್ತು. ಅವನು ಬೆಟ್ಟದ ಮೇಲಿದ್ದಾನೆ, ಇಳಿದು ಬಂದು ಯಾರಿಗೂ ಹೇಳುವುದಿಲ್ಲ.

ಹೋಗುವ ಮುಂಚೆ ಮಾದೇವಿ ಸೆರಗಿನಿಂದ ಒಂದು ಲಟ್ಟಣಿಗೆ ತೆಗೆದು ಕೈಗಿಟ್ಟಳು. ನಮ್ಮಪ್ಪನ ಲೇತಿನಲ್ಲಿ ಪುಟ್ಟಸ್ವಾಮಿ ಕಡೆದದ್ದು. ಅಂಗೈಯಲ್ಲಿ ಉರುಳಿಸಿದರೆ ನೀರು ಉರುಳಿದ ಹಾಗೆ. ಅದನ್ನು ದೇವರ ಗೂಡಿನಲ್ಲಿಟ್ಟು, ನನ್ನ ಸೌತೆಕಾಯಿಯಲ್ಲೇ ಲಟ್ಟಿಸುತ್ತೇನೆ ಎಂದು ನಿಶ್ಚಯಿಸಿದೆ. ಆ ನಿಶ್ಚಯ ಮಾದೇವಿ ಬಸ್ಸು ಹತ್ತುವವರೆಗೆ ಉಳಿಯಿತು.

ಅಂಗಳದಲ್ಲಿ ಹಪ್ಪಳಗಳು ದುಂಡುದುಂಡಗೆ ಬೀಳತೊಡಗಿದವು. ದಾರಿಯಲ್ಲಿ ಹೋಗುತ್ತಿದ್ದ ಮೇಷ್ಟ್ರು ನಿಂತು ನೋಡಿದರು.

“ಆಹಾ! ಇದು ಯಾವ ಲೇತಿನ ಲಟ್ಟಣಿಗೆಯಮ್ಮ?”

“ನಮ್ಮಪ್ಪನ ಲೇತಿಂದು,” ಎಂದೆ.

ಮೇಷ್ಟ್ರು ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ನಿಂತಿದ್ದ ಮುರುಕು ಕಾಲಿನದರ ಕಡೆ ತಿರುಗಿ, ಗೌರವದಿಂದ ತಲೆದೂಗಿದರು. “ರಾಣಿ ಕಾಲದ ಕಬ್ಬಿಣ ಎಂದು ನಾನು ಆಗಲೇ ಹೇಳಲಿಲ್ಲವೇ?”

ತಿದ್ದಲು ಬಾಯಿ ತೆರೆದೆ. ತಿದ್ದಿದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು, ಹಿಟ್ಟು ಆಗಲೇ ಒಣಗುತ್ತಿತ್ತು. ಇನ್ನೊಂದು ಉಂಡೆ ತೆಗೆದುಕೊಂಡು ಲಟ್ಟಿಸಿದೆ.